ಓದುಗರ ಪ್ರಶ್ನೆ: ಈ ಬಿಸಿಲಲ್ಲಿ ಬಟರ್ ನಿಲ್ಲುತ್ತಾ?

ಮನೆಯಲ್ಲೇ ಕ್ರೀಮು, ಮುಲಾಮು ಮಾಡಿಕೊಳ್ಳುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಕೊಟ್ಟಿದ್ದೇವೆ. ಇಲ್ಲಿ ಬಟರ್ ಅಂದರೆ ಹಾಲಿನ ಬೆಣ್ಣೆಯಲ್ಲ, ಚರ್ಮಕ್ಕೆ ಹಚ್ಚಲು ಬೀಜದಿಂದ ತೆಗೆದ ಗಟ್ಟಿ ಜಿಡ್ಡು. ಎಲ್ಲ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವೇ. ವಿಡಿಯೋಗಳಲ್ಲಿ ಬರುವ ಅಳತೆ ಹೆಚ್ಚಾಗಿ ತಂಪು ಊರಿನವರದು, ಅದನ್ನು ಹಾಗೆಯೇ ಇಲ್ಲಿಗೆ ತಂದರೆ ಕೆಡುವುದೇ ಜಾಸ್ತಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಶಿಯಾ ಬಟರ್ ತರಿಸಿದೆ. ಡಬ್ಬಿ ತೆಗೆದರೆ ಪೂರ್ತಿ ಎಣ್ಣೆ. ಆಮೇಲೆ ಗಟ್ಟಿಯಾಯಿತು, ಆದರೆ ಒಳಗೆಲ್ಲಾ ರವೆ ರವೆ. ನಕಲಿ ಇರಬಹುದಾ? (ಕೊಪ್ಪಳದ ಓದುಗರು)

ಇಷ್ಟಕ್ಕೇ ನಕಲಿ ಎನ್ನಲು ಆಗುವುದಿಲ್ಲ. ಶಿಯಾ ಬರುವುದು ಘಾನಾ, ಬುರ್ಕಿನಾ ಫಾಸೊ ಕಡೆಯ ಒಂದು ಮರದ ಬೀಜದಿಂದ. ಅದು ಸುಮಾರು 32ರಿಂದ 38 ಡಿಗ್ರಿಯೊಳಗೆ ಕರಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ 40 ದಾಟುತ್ತದೆ, ಕೊರಿಯರ್ ಗಾಡಿಯೊಳಗಿನ ಕಾವು ಇನ್ನೂ ಹೆಚ್ಚು, ಹಾಗಿರುವಾಗ ಅದು ಗಟ್ಟಿಯಾಗಿ ಬಂದಿದ್ದರೇ ಅನುಮಾನ ಪಡಬೇಕಿತ್ತು!

ರವೆ ಆಗುವುದಕ್ಕೂ ಕಾರಣವಿದೆ. ಶಿಯಾದಲ್ಲಿ ಬೇರೆ ಬೇರೆ ಜಿಡ್ಡಿನ ಅಂಶಗಳಿವೆ, ಎಲ್ಲವೂ ಒಂದೇ ಹದಕ್ಕೆ ಹೆಪ್ಪುಗಟ್ಟುವುದಿಲ್ಲ. ನಿಧಾನವಾಗಿ ಆರಿದರೆ ಗಟ್ಟಿ ಅಂಶ ಮೊದಲೇ ಬೇರೆಯಾಗಿ ಹರಳುಗಟ್ಟುತ್ತದೆ. ಬಳಸಲು ತೊಂದರೆ ಇಲ್ಲ, ಅಂಗೈಯಲ್ಲಿ ತಿಕ್ಕಿದರೆ ಕರಗುತ್ತದೆ. ನುಣ್ಣಗೇ ಬೇಕೆಂದರೆ ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟು ಒಂದು ಹರಳೂ ಉಳಿಯದಂತೆ ಕರಗಿಸಿ, ಸಣ್ಣ ಡಬ್ಬಿಗಳಿಗೆ ಸುರಿದು ತಕ್ಷಣ ಫ್ರಿಜ್ಜಿಗೆ ಇಡಿ. ಬೇಗ ಆರಿದಷ್ಟೂ ನುಣುಪು.

ಇನ್ನೊಂದು ಮಾತು. ಬೇಸಿಗೆಗೆ ಬಟರ್ ಬೇಕೇ ಬೇಕೆಂದರೆ ಆಫ್ರಿಕಾದವರೆಗೆ ಹೋಗಬೇಕಿಲ್ಲ. ಉತ್ತರ ಕನ್ನಡ, ಮಲೆನಾಡಿನ ಕಡೆ ಮುರುಗಲ ಬೀಜದಿಂದ ತೆಗೆಯುವ ತುಪ್ಪ ಸಿಗುತ್ತದೆ, ಅಂಗಡಿಯವರು ಕೋಕಂ ಬಟರ್ ಅನ್ನುತ್ತಾರೆ. ಒಡೆದ ಕಾಲಿಗೆ ಅಲ್ಲಿಯವರು ಹಿಂದಿನಿಂದಲೂ ಹಚ್ಚುತ್ತಾರೆ. ಶಿಯಾಗಿಂತ ಗಟ್ಟಿ, ಕರಗಲು ಸುಮಾರು 40 ಡಿಗ್ರಿ ಬೇಕು.

ಪ್ರಶ್ನೆ: ನಮ್ಮದೇ ಹೊಲದ ಕುಸುಬೆ, ಗಾಣಕ್ಕೆ ಹಾಕಿಸಿದ ಎಣ್ಣೆ ಮನೆಯಲ್ಲಿದೆ. ಮುಖಕ್ಕೆ ಹಚ್ಚಬಹುದಾ? (ಸಿಂಧನೂರಿನ ಓದುಗರು)

ಧಾರಾಳವಾಗಿ. ಕುಸುಬೆ ಎಣ್ಣೆ ಹಗುರ, ಹಚ್ಚಿದರೆ ಮುಖ ಜಿಡ್ಡು ಜಿಡ್ಡಾಗಿ ಹೊಳೆಯುವುದಿಲ್ಲ. ಮೊಡವೆ ಏಳುವ ಮುಖಕ್ಕೆ ಕೊಬ್ಬರಿ ಎಣ್ಣೆಗಿಂತ ಇದೇ ವಾಸಿ. ಮುಖ ತೊಳೆದು, ಪೂರ್ತಿ ಒರೆಸಿಕೊಳ್ಳದೆ, ಆ ಪಸೆಯ ಮೇಲೇ ಎರಡು ಮೂರು ಹನಿ ಸವರಿ. ಎಣ್ಣೆ ತಾನಾಗಿ ನೀರಿನಂಶ ಕೊಡುವುದಿಲ್ಲ, ಇರುವುದನ್ನು ಹಿಡಿದಿಡುತ್ತದೆ ಅಷ್ಟೇ, ಒಣ ಮುಖಕ್ಕೆ ಹಚ್ಚಿ ಏನೂ ಆಗಲಿಲ್ಲ ಅನ್ನುವವರು ಗಮನಿಸಿ.

ಆದರೆ ಇದು ಬೇಗ ಕಮಟಾಗುತ್ತದೆ. ಅದರಲ್ಲಿ ಹೆಚ್ಚಿರುವ ಲಿನೋಲಿಕ್ ಆಮ್ಲ ಎಂಬ ಜಿಡ್ಡಿನ ಅಂಶಕ್ಕೆ ಬೆಳಕು, ಗಾಳಿ, ಸೆಕೆ ಮೂರೂ ಆಗಿಬರುವುದಿಲ್ಲ. ಗಾಣದ ಎಣ್ಣೆಯಾದರೆ ಕೆಲವು ದಿನ ಕದಲಿಸದೆ ಇಟ್ಟು, ತಳದ ಮಡ್ಡಿ ಬಿಟ್ಟು ತಿಳಿಯನ್ನು ಮಾತ್ರ ಬಟ್ಟೆಯಲ್ಲಿ ಸೋಸಿ. ಮುಖಕ್ಕೆ ಬೇಕಾದಷ್ಟನ್ನು ಸಣ್ಣ ಕಪ್ಪು ಸೀಸೆಗೆ ತುಂಬಿ ಫ್ರಿಜ್ಜಿನಲ್ಲಿಡಿ, ಮಿಕ್ಕಿದ್ದು ಒಗ್ಗರಣೆಗೆ. ಮೂಸಿದಾಗ ಕಮಟು ಬಂದರೆ ಮುಖಕ್ಕೂ ಬೇಡ, ಒಗ್ಗರಣೆಗೂ ಬೇಡ.

ಪ್ರಶ್ನೆ: ನಮ್ಮ ಮನೆಯವರು ಜೀನ್ಸ್ ತೊಳೆಯುವ ಘಟಕದಲ್ಲಿ ಕೆಲಸ ಮಾಡುತ್ತಾರೆ. ಕೈ ಬಿರುಕು ಬಿಟ್ಟು ಉರಿ ಅನ್ನುತ್ತಾರೆ. ಮನೆಯಲ್ಲಿ ಮಾಡುವ ಮುಲಾಮು ಹೇಳಿ. (ಬಳ್ಳಾರಿಯ ಓದುಗರು)

ಹೇಳುತ್ತೇನೆ, ಆದರೆ ಮೊದಲು ಕೈಗವಸು. ಬ್ಲೀಚಿನಲ್ಲಿ ಕೈ ಅದ್ದುವವರಿಗೆ ಯಾವ ಬಟರ್ ಹಚ್ಚಿದರೂ ಸುಮ್ನೆ. ಕೈಗೆ ಎಣ್ಣೆ ಮೆತ್ತಿಕೊಂಡು ಲೇಟೆಕ್ಸ್ (ರಬ್ಬರ್ ಹಾಲಿನ) ಗವಸು ಹಾಕಬಾರದು, ಎಣ್ಣೆ ತಾಗಿದರೆ ಅದು ಸಡಿಲಾಗಿ ಹರಿಯುತ್ತದೆ. ಎಣ್ಣೆ ತಡೆಯುವ ಕೃತಕ ರಬ್ಬರಿನ ನೈಟ್ರೈಲ್ ಗವಸು ಕೇಳಿ ತರಿಸಿಕೊಳ್ಳಿ. ಮುಲಾಮು ಏನಿದ್ದರೂ ರಾತ್ರಿಗೆ.

100 ಗ್ರಾಂಗೆ ಅಳತೆ: ಜೇನುಮೇಣ 25 ಗ್ರಾಂ, ಮುರುಗಲ ತುಪ್ಪ 25, ಎಳ್ಳೆಣ್ಣೆ 40, ಔಡಲ ಎಣ್ಣೆ 10. ಜೇನುಮೇಣ ಕರಗುವುದು 62 ಡಿಗ್ರಿಯ ಮೇಲೆ, ಅದಕ್ಕೇ ಮುಲಾಮು ನಮ್ಮ ಬಿಸಿಲಿಗೂ ನಿಲ್ಲುತ್ತದೆ. ಮೇಣವನ್ನು ನೇರ ಉರಿಯ ಮೇಲಿಡಬೇಡಿ, ಹೊತ್ತಿಕೊಳ್ಳುತ್ತದೆ. ನೀರು ಕಾಯುತ್ತಿರುವ ಪಾತ್ರೆಯೊಳಗೆ ಸ್ಟೀಲ್ ಬಟ್ಟಲಿಟ್ಟು ಮೊದಲು ಮೇಣ, ಆಮೇಲೆ ತುಪ್ಪ, ಕೊನೆಗೆ ಎಣ್ಣೆ ಹಾಕಿ. ಡಬ್ಬಿಗೆ ಸುರಿಯುವ ಮೊದಲು ಒಂದು ಚಮಚ ತಟ್ಟೆಗೆ ಬಿಟ್ಟು ಆರಿಸಿ, ಬೆರಳಲ್ಲಿ ಒತ್ತಿ ನೋಡಿ. ಕಲ್ಲಿನಂತಿದ್ದರೆ ಸ್ವಲ್ಪ ಎಣ್ಣೆ ಸೇರಿಸಿ, ಬೆರಳು ಸುಲಭವಾಗಿ ಇಳಿದರೆ ಚೂರು ಮೇಣ. ಇದೇ ಮುಲಾಮು ಚಳಿಗಾಲಕ್ಕೆ ಗಟ್ಟಿ ಅನಿಸುತ್ತದೆ, ಆಗ ಮೇಣ 18 ಗ್ರಾಂಗೆ ಇಳಿಸಿ, ಅಷ್ಟೇ ಎಣ್ಣೆ ಏರಿಸಿ.

ಎಳ್ಳಿನ ಬದಲು ಶೇಂಗಾ ಎಣ್ಣೆಯೂ ಆಗುತ್ತದೆ, ಮನೆಯಲ್ಲಿ ಯಾರಿಗೂ ಶೇಂಗಾ ಅಲರ್ಜಿ ಇಲ್ಲದಿದ್ದರೆ. ಯಾವುದನ್ನೇ ಆಗಲಿ ಮೊದಲು ಮೊಣಕೈ ಒಳಮಡಿಕೆಗೆ ಒಂದು ವಾರ ಹಚ್ಚಿ ನೋಡಿ, ತುರಿಕೆ ಬಂದರೆ ಬಿಟ್ಟುಬಿಡಿ. ಬಿರುಕಿನಲ್ಲಿ ಕೀವು, ರಕ್ತ ಇದ್ದರೆ ಚರ್ಮದ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಲೋಳೆಸರದ ತಿರುಳು, ಕೊಬ್ಬರಿ ಎಣ್ಣೆ ಸೇರಿಸಿ ಮಿಕ್ಸಿಯಲ್ಲಿ ತಿರುವಿ ಕ್ರೀಮು ಮಾಡಿದೆ. ವಿಟಮಿನ್ ಇ ಮಾತ್ರೆ ಒಡೆದು ಹಾಕಿದರೂ ವಾರದೊಳಗೆ ಕಪ್ಪು ಚುಕ್ಕೆ ಬಂತು. (ಸಿರುಗುಪ್ಪದ ಓದುಗರು)

ಅದು ಬೂಸ್ಟು. ಎಸೆದುಬಿಡಿ, ಮೇಲಿನದು ತೆಗೆದು ಕೆಳಗಿನದು ಹಚ್ಚುವುದೂ ಬೇಡ. ಬರೀ ಎಣ್ಣೆ, ಮೇಣ, ಬಟರ್‌ನಲ್ಲಿ ನೀರಿಲ್ಲ, ಹಾಗಾಗಿ ಅವುಗಳಲ್ಲಿ ಬೂಸ್ಟು, ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಲೋಳೆಸರ, ಪನ್ನೀರು, ಹಾಲು ಯಾವುದು ಸೇರಿದರೂ ಲೆಕ್ಕ ಬದಲಾಗುತ್ತದೆ, ಕಣ್ಣಿಗೆ ಕಾಣುವ ಮೊದಲೇ ಕೆಟ್ಟಿರುತ್ತದೆ. ವಿಟಮಿನ್ ಇ ಎಣ್ಣೆ ಕಮಟಾಗುವುದನ್ನು ತಡಮಾಡುತ್ತದೆ, ಬೂಸ್ಟನ್ನು ತಡೆಯುವುದಿಲ್ಲ. ಇದನ್ನು ಹೇಳದೇ ವಿಡಿಯೋ ಮಾಡುವವರ ಮೇಲೆ ನನಗೆ ಸಿಟ್ಟಿದೆ. ಲೋಳೆಸರ ಬೇಕಾದಾಗ ಗಿಡದಿಂದ ಕೊಯ್ದು, ಹಳದಿ ರಸ ಇಳಿಯಲು ಬಿಟ್ಟು, ತೊಳೆದು ಹಚ್ಚಿ. ಅದು ಮುಖದ ಮೇಲೆ ಆರುವ ಮೊದಲೇ ಎಣ್ಣೆ ಸವರಿ. ಡಬ್ಬಿಯ ಉಸಾಬರಿಯೇ ಇಲ್ಲ, ಅಲ್ವಾ?

ಪ್ರಶ್ನೆ: ಅಮ್ಮನಿಗೆ ಸಕ್ಕರೆ ಕಾಯಿಲೆ, ಹಿಮ್ಮಡಿ ಆಳವಾಗಿ ಒಡೆದಿದೆ. ಔಡಲ ಎಣ್ಣೆ ಸಾಕಾ? (ಮಾನ್ವಿಯ ಓದುಗರು)

ಸಾಲದು. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಕಡಿಮೆಯಾಗಿರಬಹುದು, ನೋವಿಲ್ಲ ಎಂದು ಸುಮ್ಮನಿರಬೇಡಿ. ಈ ವಾರವೇ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಬಾದಾಮಿ ಎಣ್ಣೆಗೆ ನಿಂಬೆರಸ ಹಾಕಿ ಹಚ್ಚಿದರೆ ಬೆಳ್ಳಗಾಗುತ್ತಾರಾ? (ಗಂಗಾವತಿಯ ಓದುಗರು)

ಇಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟು ಬೊಬ್ಬೆ ಬಂದು, ಆಮೇಲೆ ಕಪ್ಪು ಕಲೆ ಉಳಿಯಬಹುದು. ಎಣ್ಣೆ ಸನ್‌ಸ್ಕ್ರೀನ್ ಅಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದಿಂದ ಇಂಥ ಮುಲಾಮು ಮಾಡಿ ಮಾರಬೇಕೆಂದಿದ್ದೇವೆ. (ರಾಯಚೂರಿನ ಓದುಗರು)

ಒಳ್ಳೆಯ ಯೋಚನೆ. ಆದರೆ ಮಾರಾಟಕ್ಕೆ ಮಾಡುವಾಗ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 2020ರ ಕಾಂತಿವರ್ಧಕ ನಿಯಮಗಳು ಅನ್ವಯಿಸುತ್ತವೆ, ತಯಾರಿಕೆಗೆ ಪರವಾನಗಿ ಬೇಕು. ಡಬ್ಬಿಯ ಮೇಲೆ ಏನೇನು ಹಾಕಿದ್ದೀರಿ, ಬ್ಯಾಚ್ ಸಂಖ್ಯೆ, ಎಲ್ಲಿಯವರೆಗೆ ಬಳಸಬಹುದು, ತಯಾರಿಸಿದವರ ವಿಳಾಸ ಎಲ್ಲ ಇರಬೇಕು. ಬಂಡವಾಳ ಹಾಕುವ ಮೊದಲೇ ಔಷಧ ನಿಯಂತ್ರಣ ಇಲಾಖೆಯಲ್ಲಿ ವಿಚಾರಿಸಿ. ಅಷ್ಟು ಓಡಾಟ ಈಗಲೇ ಬೇಡ ಅನಿಸಿದರೆ ಗಾಣದ ಎಣ್ಣೆಯನ್ನು ಅಡುಗೆ ಎಣ್ಣೆಯಾಗಿಯೇ ಮಾರಿ. ಅದಕ್ಕೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಸಂಸ್ಥೆಯಲ್ಲಿ ನೋಂದಣಿ ಮಾಡಿಸಬೇಕು.