ಹೊಲ ಸೋಲಾರಿಗೆ ಕೊಟ್ರ ಪಾಲಿಗೆ ಮಾಡೋರ ಗತಿ ಏನು?

ಪ್ರಶ್ನೆ: ಅಕ್ಕಾರ ನಮಸ್ಕಾರ್ರಿ. ನಮ್ದು ಬಸವನ ಬಾಗೇವಾಡಿ ಕಡೆ ಹಳ್ಳಿ, 12 ಎಕರೆ ಒಣ ಹೊಲ, ಜ್ವಾಳ ತೊಗರಿ ಬೆಳಿತೀವಿ. ಸೋಲಾರ್ ಕಂಪನಿ ಏಜೆಂಟ್ರು 28 ವರ್ಷ ಲೀಜಿಗೆ ಕೊಡ್ರಿ ಅಂತ ಅಪ್ಪಾರ ಬೆನ್ನ ಹತ್ಯಾರ. ಮಳಿ ನಂಬಿ ಸಾಕಾಗೈತಿ ಅಂತ ಅಪ್ಪಾರು ಹೂಂ ಅಂದಾರ, ಅದೂ ಖರೇನ. ಆದ್ರ ಅಜ್ಜನ ಕಾಲದಿಂದ ಒಂದು ಮನೆತನದವ್ರು ಆ ಹೊಲ ಪಾಲಿಗೆ ಮಾಡ್ಕೊಂಡು ಬಂದಾರ, ಅವ್ರಿಗೆ ಸ್ವಂತ ಹೊಲ ಇಲ್ಲ. ಅವ್ರಿಗೆ ಏನೂ ಕೊಡೋದು ಬರೂದಿಲ್ಲ ಅಂತ ಏಜೆಂಟ್ ಹೇಳ್ತಾನ. ನಾವೇನ್ ಮಾಡ್ಬೇಕು?
(ಹೆಸರು ಬ್ಯಾಡ, ವಿಜಯಪುರ ಜಿಲ್ಲಾ)

ಉತ್ತರ: ನೋಡ್ರಿ ತಮ್ಮಾರ, ಎಲ್ಲಾರೂ ಎಕರೆಗೆ ಎಷ್ಟು ಅಂತ ಕೇಳ್ತಾರ, ನೀವು ಇದ್ನ ಕೇಳಿದ್ದು ಭಾಳ ಚಲೋ ಆತು. 1974ರ ಭೂಸುಧಾರಣೆ ತಿದ್ದುಪಡಿ ಆದಮ್ಯಾಲ ಬ್ಯಾಸಾಯಕ್ಕ ಹೊಲ ಗೇಣಿಗೆ ಕೊಡೂಹಂಗ ಇಲ್ಲ, ಅದಕ್ಕ ಪಾಲಿಂದು ಎಲ್ಲಾ ಬಾಯಿಮಾತು, ಉತಾರದಾಗ (ಪಹಣ್ಯಾಗ) ಅವ್ರ ಹೆಸರ ಇಲ್ಲ, ಏಜೆಂಟ್ ಅದನ್ನ ಹಿಡ್ಕೊಂಡು ಮಾತಾಡ್ತಾನ.

ತುಮಕೂರು ಜಿಲ್ಲಾದ ಪಾವಗಡದಾಗ ಏನಾತು ನೋಡ್ರಿ. 2050 ಮೆಗಾವಾಟಿನ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಲೀಜಿಗೆ ತಗೊಂಡ್ರು, ಎಕರೆಗೆ ವರ್ಷಕ್ಕ 21,000 ರೂಪಾಯಿಯಿಂದ ಸುರು. ಬರಗಾಲದ ಸೀಮಿ, ಹೊಲ ಇದ್ದೋರಿಗೆ ಅನುಕೂಲ ಆತು. ಕೂಲಿ ಮಾಡೋರಿಗೆ, ಕುರಿ ಮೇಯ್ಸೋರಿಗೆ ಬಾಡಿಗಿ ಎಲ್ಲಿಂದ ಬರಬೇಕು? ಪ್ಲೇಟ್ ಕೂಡ್ಸೋತನಕ ಕೆಲಸ ಇರ್ತೈತಿ, ಆಮ್ಯಾಲ ಹುಲ್ಲು ತಗಿಯೋದು, ಪ್ಲೇಟ್ ತೊಳಿಯೋದು, ವಾಚ್‌ಮನ್, ಅಷ್ಟ. ನಾ ಸೋಲಾರ್ ಬ್ಯಾಡ ಅನ್ನಾಕತ್ತಿಲ್ಲ ಮತ್ತ, ನಿಮ್ಮ ಮಗ್ಗಲಕ ಕೂಡಗಿಯೊಳಗ 2400 ಮೆಗಾವಾಟಿನ ಕಲ್ಲಿದ್ದಲ ಸ್ಥಾವರ ಐತಿ, ಆ ಹೊಗಿ ಬೂದಿ ಕಡಿಮಿ ಆಗ್ಬೇಕಂದ್ರ ಬಿಸಿಲ ಕರೆಂಟ್ ಬೇಕ ಬೇಕು.

ಅದಕ್ಕ ಸಹಿ ಹಾಕೋಕಿಂತ ಮೊದ್ಲ ಅಪ್ಪಾರು, ನೀವು, ಆ ಮನೆತನದ ಹಿರ್ಯಾರು ಒಂದ್ಕಡೆ ಕೂತು ಮಾತಾಡ್ರಿ. ಬೆಳಿಯೊಳಗ ಪಾಲು ಕೊಡ್ತಿದ್ರಿ, ಬಾಡಿಗಿಯೊಳಗ ಯಾಕ ಬ್ಯಾಡ? ವರ್ಷಕ್ಕ ಇಷ್ಟು, ಇಷ್ಟು ವರ್ಷತನಕ ಅಂತ ಬರದು ಕೊಡ್ರಿ. ಪೂರಾ 12 ಎಕರೆ ಕೊಡಬ್ಯಾಡ್ರಿ, ಎರಡ್ಮೂರು ಎಕರೆ ಇಟ್ಕೊಂಡ್ರ ಅವ್ರ ದನಕ್ಕ ಕಣಕಿ ಆಗ್ತೈತಿ, ನಿಮಗ ಉಣ್ಣಾಕ ಜ್ವಾಳ. ಹುಲ್ಲು ತಗಿಯೋ ಕೆಲಸ ಆ ಮನಿಯವ್ರಿಗೇ ಅಂತ ಕರಾರಿನಾಗ ಬರಸ್ರಿ. ಹಿಂದಿನ ಹೊಲದವ್ರ ಬಂಡಿದಾರಿ ನಿಮ್ಮ ಹೊಲದಾಗ ಹಾದಿದ್ರ ಬೇಲಿ ಎಲ್ಲಿ ಬರ್ತೈತಿ ಅಂತ ನಕಾಶೆದ ಮ್ಯಾಲ ಬಟ್ಟಿಟ್ಟು ಕೇಳ್ರಿ, ತಂತಿ ಬಿಗದಮ್ಯಾಲ ಜಗಳ ನಿಮ್ಮ ಮನಿ ಬಾಗಿಲಿಗೆ ಬರ್ತೈತಿ, ಕಂಪನಿ ಆಫೀಸಿಗಲ್ಲ. ಅಕ್ಕತಂಗ್ಯಾರು ಇದ್ರ ಅವ್ರನ್ನೂ ಕರೀರಿ, ಹಿಂದೂ ವಾರಸಾ ಕಾಯ್ದೆಕ್ಕ 2005ರ ತಿದ್ದುಪಡಿ ಆದಮ್ಯಾಲ ಪಿತ್ರಾರ್ಜಿತ ಹೊಲದಾಗ ಅವ್ರಿಗೂ ಸಮಪಾಲು ಐತಿ. ಲೀಜ್ ಸಬ್‌ರಿಜಿಸ್ಟ್ರಾರ್ ಕಡೆ ನೋಂದಣಿ ಆಗ್ಲೇಬೇಕು, ಮತ್ತ ಮುದತ್ತು ಮುಗದಮ್ಯಾಲ ಕಂಬ ಕಾಂಕ್ರೀಟ್ ಕಿತ್ತು ಹೊಲ ಹಸನ ಮಾಡಿ ಕೊಡೋರು ಯಾರು ಅನ್ನೋದು ಬರೀಲಾರದ ಸಹಿ ಹಾಕಬ್ಯಾಡ್ರಿ.

ಪ್ರಶ್ನೆ: ಬೆಳಗಾವ್ಯಾಗ ಬಾಡಿಗಿ ಮನ್ಯಾಗ ಇದ್ದೀವ್ರಿ. ಮನಿ ಮ್ಯಾಲ ಸೋಲಾರ್ ಹಾಕ್ಸಿದ್ರ 78,000 ಸಬ್ಸಿಡಿ ಅಂತಾರ, ನಮಗ ಬರ್ತೈತೇನ್ರಿ?
(ಒಬ್ಬ ಗೃಹಿಣಿ)

ಉತ್ತರ: ಅಷ್ಟು ಸರಳ ಇಲ್ಲವ್ವಾ. ಪಿಎಂ ಸೂರ್ಯಘರ್ ಯೋಜನೆಯೊಳಗ 3 ಕಿಲೋವಾಟಿಗೆ 78,000 ಕೊಡೋದು ಖರೆ, ಆದ್ರ ಅದು ಹೆಚ್ಚಾಗಿ ಸ್ವಂತ ಛತ್ತು ಇದ್ದೋರಿಗೆ. ಬಾಡಿಗಿಯೋರು ಹಾಕ್ಸಬೇಕಂದ್ರ ಕರೆಂಟ್ ಬಿಲ್ ಅವ್ರ ಹೆಸರ್ಲೆ ಇರಬೇಕು, ಛತ್ತಿನ ಮ್ಯಾಲ ಹಾಕಾಕ ಮನಿ ಮಾಲಕ್ರು ಒಪ್ಪಬೇಕು, ಅದು ಭಾಳ ಮಂದಿಗೆ ಆಗೂದಿಲ್ಲ, ನನಗ ಇದು ಸರಿ ಅನಸೂದಿಲ್ಲ. ಗೃಹಜ್ಯೋತಿ ಮಾತ್ರ ಬಾಡಿಗಿದಾರರಿಗೂ ಐತಿ, 200 ಯೂನಿಟ್‌ತನಕ. ಅದಕ್ಕ ಅರ್ಜಿ ಹಾಕೀರೋ ಇಲ್ಲೋ ಮೊದ್ಲ ನೋಡ್ಕೋರಿ.