ಅಂಬೆ ಈಗಿನ ಬೆಂಗಳೂರಿನಲ್ಲಿ ಮತ್ತೆ ಹುಟ್ಟಿದ್ದಾಳೆ ಅಂತ ಮೊದಲ ಅಧ್ಯಾಯದಲ್ಲಿ ತಿಳಿಸೋದು ಹೇಗೆ? ಕನಸಿನಿಂದಲೋ, ಪೂರ್ವಕಥೆಯಿಂದಲೋ?

ಎರಡೂ ಬೇಡ. ಎರಡನ್ನೂ ಬರೆದು ಕೆಡಿಸಿಕೊಂಡವನು ನಾನು. ನನ್ನ ಹಸ್ತಪ್ರತಿಯ ಮೊದಲ 11 ಪುಟ ಕಾಶಿಯ ಸ್ವಯಂವರ, ಭೀಷ್ಮನ ರಥ, ಸಾಲ್ವನ ತಿರಸ್ಕಾರ, ಪರಶುರಾಮ ಭೀಷ್ಮರ 23 ದಿನದ ಕಾಳಗ, ಯಮುನೆಯ ದಡದ ಚಿತೆ. 12ನೇ ಪುಟದಲ್ಲಿ ಹುಡುಗಿಯೊಬ್ಬಳು ಬೆವೆತು ಎದ್ದು ಕೂತು ‘ಭೀಷ್ಮಾ!’ ಅಂತ ಚೀರುತ್ತಾಳೆ. ಕಾದಂಬರಿ ಅಲ್ಲಿಗೇ ಮುಗಿದಿತ್ತು. ಉಳಿದ 200 ಪುಟ ದಂಡ.

ಪುರಾಣ ಜಾಸ್ತಿಯಾದದ್ದು ತಪ್ಪಲ್ಲ. ಅವಳು ಯಾರೆಂದು ಅವಳ ಬಾಯಲ್ಲೇ ಹೇಳಿಸಿದ್ದು ತಪ್ಪು. ತಾಳಮದ್ದಳೆಯಲ್ಲಿ ಅರ್ಥಧಾರಿ (ವೇಷವಿಲ್ಲದೆ, ಕೂತಲ್ಲೇ ಮಾತಿನಲ್ಲಿ ಪಾತ್ರ ನಡೆಸುವವರು) ಪೀಠಿಕೆ ಹೇಳುತ್ತಾರಲ್ಲ, ‘ಕಾಶೀರಾಜನ ಹಿರಿಮಗಳು, ಅಂಬಿಕೆ ಅಂಬಾಲಿಕೆಯರ ಅಕ್ಕ’ ಅಂತ, ಅದನ್ನೇ ಬರೆದಿದ್ದೆ. ‘ಭೀಷ್ಮ ವಿಜಯ’ ಪ್ರಸಂಗದ ಅಂಬೆಗೆ ಅದು ಒಪ್ಪುತ್ತದೆ. ಕೂತವರಿಗೆಲ್ಲ ಕಥೆ ಗೊತ್ತು, ಅವರು ಬಂದಿರುವುದೇ ವಾದ ಕೇಳಲು. ಕಾದಂಬರಿ ಹಿಡಿದವರಿಗೆ ಬೇಕಿರುವುದು ‘ಯಾರಿವಳು?’ ಅನ್ನುವ ಕುತೂಹಲ. ಅದನ್ನು ತೀರಿಸಿಬಿಟ್ಟರೆ ಅವಳ ಕೆಲಸ, ಬಸ್ಸು, ಅಮ್ಮನ ಜೊತೆಗಿನ ಜಗಳ ಎಲ್ಲವೂ ಭೀಷ್ಮ ಬರುವ ತನಕದ ಕಾಲಹರಣ ಆಗುತ್ತದೆ.

ಮುಂದಿನ ದೇಹದಲ್ಲೂ ಎಲ್ಲ ನೆನಪಿರುತ್ತದೆ ಅಂತ ಶಿವನೇ ವರ ಕೊಟ್ಟಿಲ್ಲವೇ ಅನ್ನುವುದು ನನ್ನ ಸಮರ್ಥನೆಯಾಗಿತ್ತು. ಕೊಟ್ಟದ್ದು ನಿಜ. ಆದರೆ ವ್ಯಾಸರು ಆ ಕಥೆಯನ್ನು ಎಲ್ಲಿ ಬಿಚ್ಚಿದರು ನೋಡಿ. ಉದ್ಯೋಗಪರ್ವದ ಕೊನೆಯಲ್ಲಿ, ರಥಿ ಅತಿರಥಿಗಳ ಲೆಕ್ಕ ಹೇಳುತ್ತಾ ‘ಶಿಖಂಡಿಯನ್ನು ಕೊಲ್ಲಲಾರೆ’ ಅನ್ನುತ್ತಾನೆ ಭೀಷ್ಮ. ಯಾಕೆ ಅಂತ ದುರ್ಯೋಧನ ಕೇಳಿದ ಮೇಲಷ್ಟೇ ಅಂಬೆಯ ಕಥೆ. ಹೇಳುವವನು, ಹೊತ್ತೊಯ್ದವನೇ.

ಇನ್ನೊಂದು ಮಾತು, ನಿಮ್ಮ ಪ್ರಶ್ನೆಯಲ್ಲೇ ಬಿಟ್ಟುಹೋಗಿರುವುದು. ಅಂಬೆ ಒಮ್ಮೆ ಮರುಹುಟ್ಟಿ, ಶಿಖಂಡಿಯಾಗಿ, ಸೇಡು ತೀರಿಸಿಯಾಗಿದೆ. ಮತ್ತೆ ಯಾಕೆ ಬಂದಳು? ಇದಕ್ಕೆ ಉತ್ತರ ಸಿಗದೆ ಬರೆಯಲು ಕೂರಬೇಡಿ. ನನಗೆ ಸಿಕ್ಕಿದ್ದು ಇಷ್ಟು: ರಥ ಹತ್ತಿಸುವಾಗ ಅವಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಹಾಗಾಗಿ ಎರಡನೇ ಸಲ ಬರೆದಾಗ ಅವಳನ್ನು ಉಪನೋಂದಣಿ ಕಚೇರಿಯ ಗುಮಾಸ್ತೆ ಮಾಡಿದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಬರುವ ನೋಟಿಸನ್ನು ಬೋರ್ಡಿಗೆ ಅಂಟಿಸುವುದು, ಆಕ್ಷೇಪಣೆಗೆ 30 ದಿನ ಕಾಯುವುದು, ಮದುವೆಯ ದಿನ ಮೂವರು ಸಾಕ್ಷಿಗಳ ಸಹಿ ಹಾಕಿಸುವುದು. ಹುಡುಗಿಯ ಪರವಾಗಿ ಅಣ್ಣ ಉತ್ತರ ಕೊಡುತ್ತಿದ್ದರೆ ಇವಳು ಪೆನ್ನು ಕೆಳಗಿಟ್ಟು, ‘ನೀವು ಸುಮ್ನಿರಿ. ನೀನು ಹೇಳಮ್ಮ, ನಿನಗೆ ಒಪ್ಪಿಗೆ ಇದೆಯಾ?’ ಅನ್ನುತ್ತಾಳೆ. ಪರಿಚಯಕ್ಕೆ ಇಷ್ಟು ಸಾಕು.

ಹೆಸರು ಅಂಬಿಕಾ, ಶಿಖಾ ಅಂತೆಲ್ಲ ಇಡಬೇಡಿ, ಎರಡನೇ ಸಾಲಿಗೇ ಗುಟ್ಟು ರಟ್ಟು. ಮೊದಲ 3,000 ಪದಗಳಲ್ಲಿ ಪುರಾಣದ ಗುರುತು ಎರಡೇ ಇರಲಿ, ವಿವರಣೆ ಬೇಡ. ನಾನಿಟ್ಟದ್ದು: ಜೋಡಿಗಳು ಬಿಟ್ಟುಹೋದ ಹಾರವನ್ನು ಅವಳು ಎಸೆಯಲಾರಳು, ಬಾಗಿಲ ಮೊಳೆಗೆ ಸಿಕ್ಕಿಸುತ್ತಾಳೆ (ದ್ರುಪದನ ಬಾಗಿಲಿಗೆ ಹಾಕಿದ ಬಾಡದ ಹಾರ ಪ್ರಚಲಿತ ಕಥೆಯಲ್ಲಿದೆ). ಇನ್ನೊಂದು, ತಪಸ್ಸಿನಲ್ಲಿ ಅವಳ ಅರ್ಧ ಮೈ ಮಳೆಗಾಲದಲ್ಲಷ್ಟೇ ಹರಿಯುವ ಹೊಳೆಯಾಯಿತಲ್ಲ, ಅದಕ್ಕೆ ಬೇಸಿಗೆಯಿಡೀ ಎಡಗೈ ಜೋಮು. ಮೊದಲ ಮಳೆಗೆ ಸರಿಹೋಗುತ್ತದೆ. ಬೆಂಕಿ ಕಂಡರೆ ಬೆಚ್ಚುವುದು ಮಾತ್ರ ಬೇಡ. ಎಲ್ಲರಿಗೂ ಮೊದಲು ಹೊಳೆಯುವುದು ಅದೇ, ಮೇಲಾಗಿ ತಪ್ಪು: ಚಿತೆಗೆ ಬೆಂಕಿ ಇಟ್ಟವಳು ಅವಳೇ.

ಗುರುತು ಹಿಡಿಯುವ ಕೆಲಸ ಇನ್ನೊಬ್ಬರಿಗೆ ಬಿಡಿ, ಅದೂ ಕಥೆಯ ಮೂರನೇ ಒಂದು ಪಾಲು ಕಳೆದ ಮೇಲೆ. ನನ್ನಲ್ಲಿ, ಮಲತಮ್ಮನ ಮದುವೆಗೆ ಸಾಕ್ಷಿ ಹಾಕಲು ಅರವತ್ತು ದಾಟಿದ, ಮದುವೆಯೇ ಆಗದ ಒಬ್ಬ ಬರುತ್ತಾನೆ. ಅವಳು ಪೆನ್ನು ಚಾಚುತ್ತಾಳೆ. ಅವನು ಮುಖ ಎತ್ತದೆ ‘ನೀವು ಬೇಡ, ಬೇರೆ ಯಾರಾದರೂ ಕೊಡಲಿ’ ಅನ್ನುತ್ತಾನೆ.