ನೂರು ಗಜ, ಇಪ್ಪತ್ತೈದು ಗಜ

ಪ್ರಶ್ನೆ: ಮೇಡಂ, ದೆಹಲಿಯಲ್ಲಿ ಕೆಲಸ ಸಿಕ್ಕಿರುವ ನನ್ನ ಮಗಳು ಲಜಪತ ನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದಾಳೆ. ‘ದೇಶ ವಿಭಜನೆಯಾದಾಗ ನಮ್ಮ ತಾತನಿಗೆ ಸರ್ಕಾರ ಕೊಟ್ಟ ಜಾಗ ಇದು’ ಎಂದು ಮನೆಯ ಮಾಲೀಕರು ಹೇಳಿದರಂತೆ. ಇಷ್ಟು ದುಬಾರಿಯಾದ ಬಡಾವಣೆ ಒಂದು ಕಾಲದಲ್ಲಿ ನಿರಾಶ್ರಿತರದ್ದಾಗಿತ್ತೇ? ಅಲ್ಲಿ ಬಹುಕಾಲ ಇದ್ದವರು ನೀವು, ತಿಳಿಸಿ.
– ಓದುಗರು, ತಿಪಟೂರು

ಉತ್ತರ: ಹೌದು, ಅವರು ಹೇಳಿದ್ದು ನಿಜ. ನಾನು 1981ರಿಂದ ಒಂಬತ್ತು ವರ್ಷ ಅದೇ ಲಜಪತ ನಗರದ ಒಂದು ಬರ್ಸಾತಿಯಲ್ಲಿ, ಅಂದರೆ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಇದ್ದೆ. ಕೆಳಗೆ ನೂರು ಗಜದ, ಅಂದರೆ ನೂರು ಚದರ ಗಜದ, ಜಾಗದಲ್ಲಿ ಮನೆಯೊಡತಿಯ ಸಂಸಾರ. ಅವರನ್ನು ಎಲ್ಲರೂ ಬೀಜಿ ಎನ್ನುತ್ತಿದ್ದರು. ಈಗ ಪಾಕಿಸ್ತಾನದಲ್ಲಿರುವ ಲಾಯಲ್ಪುರದಿಂದ ಬಂದು, ದೆಹಲಿಯ ಕಿಂಗ್ಸ್‌ವೇ ನಿರಾಶ್ರಿತರ ಶಿಬಿರದ ಡೇರೆಯಲ್ಲಿ ಎರಡು ಚಳಿಗಾಲ ಕಳೆದವರು. ಬಿಟ್ಟು ಬಂದ ಊರಿನ ಹೆಸರನ್ನು ಅವರು ಹೇಳುತ್ತಿದ್ದುದು ಕಡಿಮೆ. ‘ಉಧರ್’, ಆ ಕಡೆ, ಅಷ್ಟೇ.

1941ರಲ್ಲಿ ದೆಹಲಿಯ ಜನಸಂಖ್ಯೆ 9 ಲಕ್ಷದ ಆಸುಪಾಸಿನಲ್ಲಿತ್ತು. 1951ರ ಹೊತ್ತಿಗೆ 17 ಲಕ್ಷ ದಾಟಿತು. ಸುಮಾರು 5 ಲಕ್ಷ ಜನ ಗಡಿಯಾಚೆಯಿಂದ ಬಂದರು, 3 ಲಕ್ಷಕ್ಕೂ ಹೆಚ್ಚು ಮುಸ್ಲಿಮರು ಊರು ಬಿಟ್ಟರು. ಊರು ಬಿಟ್ಟವರನ್ನು ನೆನೆಯುವವರು ಕಡಿಮೆ. ನಿಮ್ಮ ಮಗಳು ಕರೋಲ್ ಬಾಗ್‌ಗೆ ಹೋದರೆ ಅಜ್ಮಲ್ ಖಾನ್ ರಸ್ತೆಯಲ್ಲಿ ಒಮ್ಮೆ ನಿಂತು ನೋಡಲಿ. ಯುನಾನಿ ವೈದ್ಯ ಹಕೀಮ್ ಅಜ್ಮಲ್ ಖಾನರು ಕಟ್ಟಿದ ಟಿಬ್ಬಿಯಾ ವೈದ್ಯಕೀಯ ಕಾಲೇಜು ಈಗಲೂ ಅಲ್ಲಿದೆ. ಸುತ್ತ ಇದ್ದ ಮುಸ್ಲಿಂ ಮನೆಗಳು 1947ರಲ್ಲಿ ಬರಿದಾಗಿ, ಅಂಗಡಿಸಾಲು ಪಂಜಾಬಿಗಳದ್ದಾಯಿತು.

ಹಾಗೆ ಖಾಲಿಯಾದ ಮನೆಗಳು ಬಂದವರಿಗೆ ಸಾಲಲಿಲ್ಲ. ಆಗ ನಗರದ ಅಂಚಿನ ಹೊಲಗಳಲ್ಲಿ ರಾಜೇಂದ್ರ ನಗರ, ಪಟೇಲ್ ನಗರ, ಮಾಳವೀಯ ನಗರ, ಲಜಪತ ನಗರ ಎದ್ದವು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ವಾಯವ್ಯ ಗಡಿ ಪ್ರಾಂತ್ಯದಿಂದ ಬಂದವರಿಗಾಗಿ ದೆಹಲಿ ಪಕ್ಕದ ಫರೀದಾಬಾದ್‌ನಲ್ಲಿ ಹೊಸ ಊರು ಕಟ್ಟುವ ಕೆಲಸದಲ್ಲಿ ಮುಂದೆ ನಿಂತರು. ನಿರಾಶ್ರಿತರೇ ದುಡಿದು ಆ ಊರನ್ನು ಎಬ್ಬಿಸಿದರು. ನಮ್ಮ ನಾಡಿನ ಹೆಣ್ಣುಮಗಳ ಈ ಕೆಲಸ ನಮ್ಮಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ ಎಂಬುದು ನನಗೆ ನೋವು.

ಬೀಜಿಯ ಮನೆ ಈಗಿಲ್ಲ. ಮಕ್ಕಳು ಜಾಗವನ್ನು ಬಿಲ್ಡರ್‌ಗೆ ಕೊಟ್ಟರು. ಅವನು ನಾಲ್ಕು ಮಹಡಿ ಎಬ್ಬಿಸಿ ಒಂದನ್ನು ತಾನಿಟ್ಟುಕೊಂಡ. ನನ್ನ ಬರ್ಸಾತಿಯೂ ಹೋಯಿತು. ನಿಮ್ಮ ಮಗಳ ಮನೆಯೂ ಬಹುಶಃ ಅಂಥದ್ದೇ.

ಆದರೆ ಎಲ್ಲರಿಗೂ ನೂರು ಗಜ ಸಿಗಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ನಗರದೊಳಗಿನ ಕೊಳೆಗೇರಿಗಳನ್ನು ಕೆಡವಿ, ಜನರನ್ನು ಯಮುನೆಯಾಚೆಗೆ ಸಾಗಿಸಿದರು. ತ್ರಿಲೋಕಪುರಿ ಹುಟ್ಟಿದ್ದು ಹಾಗೆ, ಕುಟುಂಬಕ್ಕೆ ಸುಮಾರು 25 ಗಜದಂತೆ. ಇಂದಿರಾ ಗಾಂಧಿಯವರ ಕೊಲೆಯಾದ ಮೇಲೆ 1984ರ ನವೆಂಬರ್‌ನಲ್ಲಿ ಸಿಖ್ಖರ ಹತ್ಯೆ ಅತ್ಯಂತ ಭೀಕರವಾಗಿ ನಡೆದ ಕಡೆಗಳಲ್ಲಿ ಅದೂ ಒಂದು. ದೆಹಲಿಯಲ್ಲಿ ಸತ್ತವರು ಸರ್ಕಾರಿ ಲೆಕ್ಕದಲ್ಲೇ 2,733. ಗಂಡಂದಿರನ್ನು ಕಳೆದುಕೊಂಡ ಹೆಂಗಸರಿಗೆ ನಗರದ ಪಶ್ಚಿಮ ತುದಿಯ ತಿಲಕ್ ವಿಹಾರದಲ್ಲಿ ಮನೆ ಕೊಟ್ಟರು. ಇಂದಿಗೂ ಜನ ಅದನ್ನು ‘ವಿಧವಾ ಕಾಲೋನಿ’ ಎನ್ನುತ್ತಾರೆ. ಆ ಹೆಸರು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ದಿನಗಳಲ್ಲಿ ನಮ್ಮ ಪಕ್ಕದ ಸಿಖ್ ಕುಟುಂಬದ ಐವರು ನನ್ನ ಬರ್ಸಾತಿಯಲ್ಲಿದ್ದರು. ಬೀಜಿ ಮೂರು ಹೊತ್ತೂ ತಾವೇ ಮೆಟ್ಟಿಲು ಹತ್ತಿ ರೊಟ್ಟಿ ತಂದುಕೊಡುತ್ತಿದ್ದರು. ಹೊರಗೆ ಬೀದಿಯಲ್ಲಿ ಯಾರಾದರೂ ಕೇಳಿದರೆ ಮೇಲೆ ಮದ್ರಾಸಿ ಹುಡುಗಿ ಒಬ್ಬಳೇ ಇದ್ದಾಳೆ ಎನ್ನುತ್ತಿದ್ದರು.

ಮಗಳಿಗೆ ಒಂದು ಮಾತು ತಿಳಿಸಿ. ಆ ಮನೆಯಲ್ಲಿ ಅಜ್ಜಿ ಇದ್ದರೆ ಬಿಡುವಾದಾಗ ಮಾತಾಡಿಸಲಿ, ಆದರೆ ‘ಶರಣಾರ್ಥಿ’, ಅಂದರೆ ನಿರಾಶ್ರಿತರು, ಎಂಬ ಹಿಂದಿ ಪದ ಬೇಡ. ಬೀಜಿ ಅದನ್ನು ಸಹಿಸುತ್ತಿರಲಿಲ್ಲ. ‘ನಾವು ಪುರುಷಾರ್ಥಿಗಳು, ದುಡಿದು ಬದುಕಿದವರು’ ಎಂದು ತಕ್ಷಣ ತಿದ್ದುತ್ತಿದ್ದರು.